ಗುರುವಾರದ ಕಲೆ

ಖಮೀಸ್ ಅಂದರೆ ಅರಬ್ಬಿಯಲ್ಲಿ ಗುರುವಾರ.
ಆ ದಿನ ಹುಟ್ಟಿದ್ದಕ್ಕೆ ಅಜ್ಜ ಇಟ್ಟ ಹೆಸರು.
ನಮ್ಮ ಭಾಷೆಯಲ್ಲಿ ಆ ವಾರದೊಳಗೆ ಒಬ್ಬ ಗುರು ಕೂತಿದ್ದಾನೆ
ಅಂತ ನಾನು ಹೇಳಿದಾಗ ನಕ್ಕಿದ್ದ,
ಮೊಣಕಾಲಿಗೆ ಐಸು ಕಟ್ಟಿಕೊಂಡು,
ಮಗುಚಿಟ್ಟ ಬಾಲ್ದಿಯ ಮೇಲೆ.
ಆಗ ಅವನಿಗೆ ಇಪ್ಪತ್ತಾರು. ಬೆನ್ನಿಗೆ ಎಂಟು.

ಸೂರ್ ಪಟ್ಟಣದ ಈ ಕ್ಲಬ್ಬಿನಲ್ಲಿ
ಬಟ್ಟೆ ಒಗೆಯುವವ ನಾನು, ಗಂಗೊಳ್ಳಿಯ ದುರ್ಗಪ್ಪ ಖಾರ್ವಿ.
ದೋಣಿ ಬಿಟ್ಟು ಬಂದವನ ಕೈಗೆ ಇಲ್ಲಿ ಸಿಕ್ಕಿದ ಬಲೆ
ಗೋಲಿನದೊಂದೇ;
ಹರಿದರೆ ಹೆಣೆಯುತ್ತೇನೆ, ಅದೇ ಹಳೆಯ ಗಂಟಿನಲ್ಲಿ.

ಆಟ ನನಗೆ ಗೊತ್ತಿಲ್ಲ. ಕಲೆ ಗೊತ್ತು.
ಹುಲ್ಲಿನ ಹಸಿರು ಸೊಂಟದ ಎಡಕ್ಕಿದ್ದರೆ
ಜಾರಿ ಬಿದ್ದು ಚೆಂಡು ಕಸಿದಿದ್ದಾನೆ.
ಎದೆಯಲ್ಲಿ ದುಂಡಗೆ ಮಣ್ಣಿದ್ದರೆ
ಮೇಲಿಂದ ಬಂದದ್ದನ್ನು ಎದೆಗೊಟ್ಟು ಇಳಿಸಿಕೊಂಡಿದ್ದಾನೆ.
ರಕ್ತಕ್ಕೆ ತಣ್ಣೀರೇ ಆಗಬೇಕು,
ಬಿಸಿ ತಾಗಿದರೆ ಕಚ್ಚಿ ಕೂತುಬಿಡುತ್ತದೆ.
ಹನ್ನೊಂದು ವರ್ಷ ಅವನ ಪಂದ್ಯಗಳನ್ನು ನಾನು ಓದಿದ್ದು ಹೀಗೆ,
ಬಚ್ಚಲಲ್ಲಿ, ಮರುದಿನ.

ಒಂದು ವರ್ಷ ಎಂಟು ನಂಬರು
ಅಷ್ಟೇನೂ ಕೊಳೆಯಾಗದೆ ಬರತೊಡಗಿತು.
ಯಾರಿಗೂ ಹೇಳಲಿಲ್ಲ.
ಡಾಕ್ಟರಿಗಿಂತ ಮೊದಲು ನನಗೆ ತಿಳಿದಿತ್ತು.

ಆಮೇಲೆ ಸೀಟಿ.
ಮೊದಲ ದಿನ ಹುಡುಗರಿಗೆ ಓಡಿ ಅಂತ ಊದಿ
ತಾನೇ ಓಡಿಬಿಟ್ಟ, ಹತ್ತು ಹೆಜ್ಜೆ.
ಗೆರೆಯ ಆಚೆ ನಿಲ್ಲುವುದನ್ನು ಕಾಲಿಗೆ ಕಲಿಸಲು
ಎರಡು ರಂಜಾನ್ ಕಳೆಯಬೇಕಾಯಿತು.
ಬೆಂಚಿನ ಕೆಳಗೆ ಬೂಟು ಇಟ್ಟುಕೊಂಡೇ ಇರುತ್ತಿದ್ದ
ಲೇಸು ಸಡಿಲಿಸಿ,
ಯಾರಾದರೂ ಕರೆದಾರೇನೋ ಎಂಬಂತೆ.
ಕೋಚಿನ ಅಂಗಿಯ ಕಲೆಯೇ ಬೇರೆ:
ಕಂಕುಳಲ್ಲಿ ಉಪ್ಪಿನ ಪಟ್ಟೆ, ಓಡದೆ ಬಂದ ಬೆವರು.
ಓಡಿದ ಬೆವರು ಒಂದೇ ನೀರಿಗೆ ಬಿಡುತ್ತದೆ.
ಇದು ಹಾಗಲ್ಲ.

ಈಗ ಮಹಡಿಯ ಮೇಲೆ ಏಸಿ ಕೋಣೆ, ಬಾಗಿಲಿಗೆ ಅವನ ಹೆಸರು.
ಕಿಟಕಿಯಿಂದ ಮೈದಾನ ಪೂರ್ತಿ ಕಾಣುತ್ತದೆ,
ಕೂಗಿದರೆ ಮಾತ್ರ ಯಾರಿಗೂ ಕೇಳಿಸದು.
ಸಂಬಳ ಎರಡು ತಿಂಗಳು ತಡ.
ಸೋಮವಾರ ಘಾನಾದ ಹುಡುಗ ಟಿಕೆಟ್ಟು ಹಿಡಿದು
ಮೆಟ್ಟಿಲಲ್ಲಿ ಕೂತೇ ಇದ್ದ, ಟ್ಯಾಕ್ಸಿ ಬಂದು ಹಾರ್ನ್ ಹೊಡೆದರೂ.
ಅವನಿಗೆ ಎಡಗಾಲಲ್ಲಿ ಹೊಡೆಯಲು ಕಲಿಸಿದ್ದು ಇದೇ ಖಮೀಸ್.
ಟಿಕೆಟ್ಟಿಗೆ ಸಹಿ ಹಾಕಿದ್ದೂ.

ನಿನ್ನೆ ರಾತ್ರಿ, ಕಡೆಯ ನಮಾಜು ಮುಗಿದ ಮೇಲೆ,
ಬಚ್ಚಲಿಗೆ ಇಳಿದು ಬಂದ.
ಬಿಳಿ ನಿಲುವಂಗಿಯ ಎದೆಜೇಬಿನಲ್ಲಿ ಪೆನ್ನು ಸೋರಿ
ಅಂಗೈಯಗಲ ನೀಲಿ.
'ದುರ್ಗಾ, ಇದು ಹೋಗುತ್ತದಾ?'
ಬಿಚ್ಚಿ ಕೊಡುವ ಮೊದಲು ಪಕ್ಕದ ಜೇಬಿನಿಂದ
ಮಡಚಿದ ಕಾಗದವೊಂದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದ.
ಬನಿಯನು, ಲುಂಗಿಯಲ್ಲಿ ಬಾಲ್ದಿಯ ಮೇಲೆ ಕೂತ.
ಮಸ್ಕತ್ತಿನ ಲಾಂಡ್ರಿ ಕಂಪನಿಯ ಕಾಗದ, ತಿಂಗಳಿಗಿಷ್ಟು ಅಂತ;
ಆಫೀಸಿನ ಚಾಯ್ ಹುಡುಗ ಮೊದಲೇ ಹೇಳಿದ್ದ.
ಅವನು ಬಿಡಿಸಲಿಲ್ಲ. ನಾನು ಕೇಳಲಿಲ್ಲ.

ಉಪ್ಪು ಹಾಕಿ ಲಿಂಬೆ ತಿಕ್ಕಿದೆ, ಅಬ್ಬಿ ಮಾಡುತ್ತಿದ್ದ ಹಾಗೆ.
ನೀಲಿ ತಿಳಿಯಾಯಿತು, ಹರಡಿತು ಕೂಡ:
ಹೊಳೆ ಕಡಲಿಗೆ ಬೀಳುವಲ್ಲಿ ನೀರಿಗಿರುವ ಬಣ್ಣ.
'ಪೂರಾ ಹೋಗುವುದಿಲ್ಲ' ಅಂದೆ.
'ಗೊತ್ತು' ಅಂದ.
ಒದ್ದೆಯದನ್ನೇ ಹಾಕಿಕೊಂಡ.

ಬಾಗಿಲ ಬಳಿ ಗಾಳಿ ಇಳಿದ ಚೆಂಡೊಂದು ಬಿದ್ದಿತ್ತು.
ಚರ್ಮದ ಚಪ್ಪಲಿಯ ಒಳಬದಿಯಿಂದ
ನನ್ನ ಕಡೆ ತಳ್ಳಿದ, ನೆಲ ಬಿಡದೆ, ನೇರ ಕಾಲಿಗೆ.
ನಾನೋ, ಬಗ್ಗಿ ಕೈಯಲ್ಲಿ ಹಿಡಿದೆ.
ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದ ಖಮೀಸ್.
ಫೌಲು!

ಮುಷ್ಟಿ ಬಿಚ್ಚಿಹೋಗಿ ಕಾಗದ ಕೆಳಗೆ ಬಿತ್ತು.
ನೆಲವೆಲ್ಲ ಸೋಪಿನ ನೀರು.
ಸ್ವಲ್ಪ ಹೊತ್ತು
ಇಬ್ಬರೂ ಬಗ್ಗಲಿಲ್ಲ.