ಏಳನೇ ತಟ್ಟೆ

ಹನ್ನೊಂದನೇ ಮಹಡಿ. ಕಿಟಕಿಯಾಚೆ ಕಬ್ಬನ್ ಪಾರ್ಕು
ಹಾಸಿಟ್ಟ ಕಪ್ಪು ಕಂಬಳಿ,
ಅಂಚಿಗೆ ಕಾರುಗಳ ಕೆಂಪು ಹೊಲಿಗೆ.
ನಾಲ್ಕನೇ ಟೇಬಲ್ಲಿಗೆ ಪೋಲೆಂಡಿನ ಸಂಸಾರ:
ತಾತ, ಮಗಳು, ಅಳಿಯ,
ಬೆಕ್ಕಿನ ಚಿತ್ರದ ಫ್ರಾಕು ತೊಟ್ಟ ಆರು ವರ್ಷದ ಹುಡುಗಿ.
ಬೇಲೂರಿನಿಂದ ಇವತ್ತು ಬಂದರಂತೆ, ನಾಳೆ ಕೊಚ್ಚಿಗಂತೆ.
ನಡುವಿನ ಒಂದು ರಾತ್ರಿ ನಮ್ಮ ಪಾಲಿಗೆ.

ನನ್ನ ಎದೆಯ ಬಿಲ್ಲೆಯಲ್ಲಿ ‘ಜಾಸ್’ ಅಂತಿದೆ.
ಜಸಿಂತಾ ಉದ್ದವಾಯಿತು ಅಂದರು ಮ್ಯಾನೇಜರು.
ಬೇಗೂರಿನ ಚರ್ಚಿನಲ್ಲಿ ತಲೆಗೆ ನೀರು ಹೊಯ್ದ ದಿನ
ಯಾರಿಗೂ ಉದ್ದ ಅನಿಸಿರಲಿಲ್ಲ.

ಒಂಬತ್ತು ತಟ್ಟೆ. ತಟ್ಟೆಗೊಂದು ಕತೆ,
ಕತೆಗೆ ಇಪ್ಪತ್ತು ಸೆಕೆಂಡು.
ಹೊಗೆ ಕುಡಿದ ಹಲಸಿನ ಬೀಜ,
ಮಂಜು ಮಾಡಿದ ಹುಣಸೆ.
ನಾನು ಒಪ್ಪಿಸುತ್ತೇನೆ, ಅವರು ತಲೆದೂಗುತ್ತಾರೆ.
ಸ್ಟಾಫ್ ರಿಯಾಯಿತಿಯಲ್ಲಿ ಒಮ್ಮೆ ಅವ್ವನ್ನ ಕರೆತಂದಿದ್ದೆ.
ಐದನೇ ತಟ್ಟೆ ಆದಮೇಲೆ ಮೆಲ್ಲಗೆ ಕೇಳಿದಳು:
‘ಊಟ ಯಾವಾಗ?’

ಏಳನೆಯದು ಮುದ್ದೆ.
ನೆಲ್ಲಿಕಾಯಿ ಗಾತ್ರ, ಅಗಲ ಬಿಳಿ ತಟ್ಟೆಯ ನಡುವೆ
ಯಾರೋ ಆಡಿ ಮರೆತ ಗೋಲಿ.
ಕಟ್ಟುವವಳು ದೊಡ್ಡಜಾಲದ ಪಿಳ್ಳಮ್ಮ.
‘ಯಾರ ಹೊಟ್ಟೆಯ ಯಾವ ಮೂಲೆಗೆ ಇದು’ ಅಂತ ಗೊಣಗುತ್ತ
ಮೂರೇ ಬೆರಳಲ್ಲಿ ಉರುಟಿಸುತ್ತಾಳೆ;
ಉಳಿದೆರಡು, ಸೀರೆ ಎತ್ತಿ ಹೊಳೆ ದಾಟುವವರ ಹಾಗೆ
ಮೇಲಕ್ಕೇ ನಿಂತಿರುತ್ತವೆ.

ನನಗೆ ಕಲಿಸಿದ ಕತೆಯಲ್ಲಿ ರಾಗಿಯ ಕ್ಯಾಲ್ಸಿಯಂ ಇದೆ,
ಕೆಂಪು ಮಣ್ಣಿದೆ,
ಅಗಿಯಬಾರದು ಅನ್ನೋದೊಂದಿಲ್ಲ.
ಬಂದವರೆಲ್ಲ ಅಗಿಯುತ್ತಾರೆ. ಹಲ್ಲಿಗೆ ಅಂಟಿ, ನಾಲಗೆಗೆ ಸುತ್ತಿ,
ನೀರು ಕುಡಿದು ‘ಇಂಟರೆಸ್ಟಿಂಗ್’ ಅನ್ನುತ್ತಾರೆ.
ಅಡುಗೆಮನೆ ಬಾಗಿಲ ದುಂಡು ಗಾಜಲ್ಲಿ ಪಿಳ್ಳಮ್ಮನ ಒಂದು ಕಣ್ಣು
ದಿನವೂ ಅದನ್ನು ನೋಡಿ ಹಿಂದೆ ಸರಿಯುತ್ತದೆ.

ಮಗಳು ಅಗಿದಳು. ಅಳಿಯ ಫೋಟೊ ತೆಗೆದು ಅಗಿದ.
ಹುಡುಗಿ ಮುದ್ದೆಗೆ ಫೋರ್ಕಿನಿಂದ ಎರಡು ಕಣ್ಣು ಚುಚ್ಚಿ
ಹಾಗೇ ನಿದ್ದೆಹೋದಳು.
ತಾತ ಮಾತ್ರ ಮುರಿದ, ಸಾರಿಗೆ ಅದ್ದಿದ,
ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು.
ಗುಳುಂ. ಅಷ್ಟೆ.

‘ಅಯ್ಯೋ ನೋಡೇ, ನುಂಗ್ತಾನೆ ಕಣೇ!’
ಗಾಜು ದಾಟಿ, ಪಿಯಾನೊ ದಾಟಿ ಬಂತು ದನಿ.

ಆಮೇಲಿನದಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ.
ನಮ್ಮ ಊಟಕ್ಕೆಂದು ಹಿಂದಿನ ಒಲೆಯಲ್ಲಿದ್ದ ಹಿಟ್ಟು,
ದಂಟಿನ ಸೊಪ್ಪು ಹೆಸರುಕಾಳಿನ ಬಸ್ಸಾರು,
ಸ್ಟೀಲು ತಟ್ಟೆ,
ಐದೂ ಬೆರಳಿನ ಮುದ್ದೆ.
‘ಏನಂತ ಹೇಳಲಿ?’
‘ಏನೂ ಹೇಳ್ಬೇಡ. ಇಟ್ಟು ಬಾ.’

ಇಟ್ಟೆ. ತಾತ ತಟ್ಟೆ ನೋಡಿದ, ನನ್ನ ನೋಡಿದ,
ಫೋರ್ಕು ಪಕ್ಕಕ್ಕೆ ಸರಿಸಿ ಅಂಗಿಯ ತೋಳು ಮಡಿಸಿದ.
ಮಗಳು ಅವರ ಭಾಷೆಯಲ್ಲಿ, ಹಲ್ಲು ಕಚ್ಚಿ, ಏನೋ ಗದರಿದಳು.
ಅರ್ಥವಾಯಿತು ನನಗೆ. ಇದೇ ಹಾಲಿನಲ್ಲಿ
ಅವ್ವನ್ನ ನಾನು ಗದರಿದ್ದೂ ಅಷ್ಟೇ ಸಣ್ಣ ದನಿಯಲ್ಲಿ.

ಬಿಲ್ಲಿಗೆ ಸೇರಿಸಲಿಲ್ಲ. ಆ ತಟ್ಟೆಗೆ ನಂಬರೇ ಇಲ್ಲ.

ಅವರು ಎದ್ದುಹೋದ ಮೇಲೆ ಟೇಬಲ್ ಎತ್ತುವಾಗ
ತಾತನ ನ್ಯಾಪ್‌ಕಿನ್ನು ಭಾರ. ಬಿಚ್ಚಿದೆ:
ಮೇಲಿನದೊಂದು ಸಾಲು, ಕೆಳಗಿನದೊಂದು ಸಾಲು,
ಗುಲಾಬಿ ಒಸಡಿನ ಸಮೇತ.

ಲಿಫ್ಟು ಕೆಳಗಿತ್ತು. ಹನ್ನೊಂದು ಮಹಡಿ ಮೆಟ್ಟಿಲು,
ಕೈಯಲ್ಲಿ ಇನ್ನೊಬ್ಬರ ಹಲ್ಲು, ಕಾಲಲ್ಲಿ ಹೋಟೆಲ್ಲಿನ ಷೂ.
ಕಸ್ತೂರಬಾ ರಸ್ತೆಯಲ್ಲಿ ಟ್ಯಾಕ್ಸಿ ಬಾಗಿಲು ಮುಚ್ಚುವುದರಲ್ಲಿತ್ತು.
ಗಂಟು ಕೊಟ್ಟೆ. ಮೊದಲು ಬಾಯಿಗೆ ಕೈ ಅಡ್ಡ ಹಿಡಿದ ತಾತ,
ಆಮೇಲೆ ಕೈ ಬಿಟ್ಟ.
ಬೋಳು ಬಾಯಿ ತುಂಬ ನಗು.
ಸಿಗ್ನಲ್ಲಿನ ಹಸಿರು ಅದರೊಳಕ್ಕೂ ಬಿತ್ತು.

ಮೇಲೆ ಬಂದಾಗ ಪಿಳ್ಳಮ್ಮ ಪಾತ್ರೆ ತಿಕ್ಕುತ್ತಿದ್ದಳು.
‘ಏನಂತೆ?’
ಹಲ್ಲಿನ ವಿಷಯ ಎತ್ತಲಿಲ್ಲ.
‘ಚೆನ್ನಾಗಿತ್ತಂತೆ.’
‘ಇರದೆ ಏನು,’ ಅಂದಳು. ‘ಅವ್ನ ಊರಲ್ಲೂ ರಾಗಿ ಬೆಳೀತಾರೇನೋ.
ಕೇಳ್ಬೇಕಿತ್ತು ನೀನು.’