ಕಾಗಿಣಾದ ತಳದ ಲೆಕ್ಕ

ಮೊಳ ಉದ್ದ ಮೊಳ ಅಗಲದ ಕಬ್ಬಿಣದ ಚೌಕಟ್ಟು,
ಶಹಾಬಾದಿನ ವೆಲ್ಡಿಂಗ್ ಅಂಗಡ್ಯಾಗ ಮಾಡಿಸಿದ್ದು.
ದೀಪಾವಳಿ ಆದ ಮರುವಾರ ಟೊಂಕಮಟ ನೀರಿಗಿಳಿದು
ಅದೇ ಬಂಡೆಯ ಬಲಕ್ಕ ಅದನ್ನ ಊರೋದು ನನ್ನ ಕೆಲಸ.
ಕೆಸರು ಬಾಚಿ, ಜರಡಿಯಾಗ ತೊಳೆದು ಕೊಟ್ಟರ
ಮಡಿವಾಳಯ್ಯ ಸರ್ ಎಣಿಸೋರು,
ಚಸ್ಮಾ ಮೂಗಿನ ತುದಿಗೆ.

ಮೊದಲ ವರ್ಷ ನಲವತ್ತೊಂದು ಜೀವ.
ಆರು ಕಪ್ಪೆಚಿಪ್ಪು. ಅದರಾಗ ಒಂದರ ಬೆನ್ನಿಗೆ
ಸರ್ ಕಾನಸು ಹಿಡಿದು ಹದಿನೇಳು ಅಂತ ಗೀರಿದ್ರು.
ಹದಿನೇಳೇ ಯಾಕ, ನಾ ಕೇಳಲಿಲ್ಲ.

ಮರುವರ್ಷ ಹದಿನೇಳು ಅಲ್ಲೇ ಇತ್ತು.
ಅದರ ಮರುವರ್ಷ ಒಂದು ಗೇಣು ಸರಿದಿತ್ತು.
ಮಗಳ ಲಗ್ನ ಆತು, ನನ್ನ ಮೊಣಕಾಲು ಹೋತು,
ಸೇತುವೆಗೆ ಹೊಸ ಕಂಬ ಬಂತು.
ಹದಿನೇಳು ಬಾಯಿ ಮುಚ್ಚಿಕೊಂಡು ಅಲ್ಲೇ.

'ಇದರ ಕೆಳಗಿನ ಫರ್ಸಿನೂ ಸಮುದ್ರದ ತಳನೇ, ರುಕ್ಮೊದ್ದೀನ್.
ಚಿಪ್ಪಿನ ಜೀವ ಹುಟ್ಟೋಕ್ಕಿಂತ ಮೊದಲಿಂದು.'
'ಆವಾಗ ಯಾರು ಎಣಿಸ್ತಿದ್ರು ಸರ್?'
'ಎಣಿಸ್ಲಾಕ ಏನಿತ್ತು ಅಂತ ಕೇಳು.'

ಮಹಾಪೂರದ ವರ್ಷ ಬಂಡೆನೇ ಸಿಗಲಿಲ್ಲ,
ಹಗ್ಗ ಹಿಡಿದು ಅಳೆದು ಜಾಗ ಹುಡುಕಿದಿವಿ.
ಜರಡಿಯಾಗ ಮೂರು.
ಸರ್ ಆ ದಿನ ಚಹಾ ಕುಡಿಲಿಲ್ಲ.
ನಾಕು ವರ್ಷಕ್ಕ ಮತ್ತ ನಲವತ್ತು. ನಾ ಖುಷಿಯಾದೆ.
ಸರ್ ಪುಸ್ತಕ ತಿರುವಿ ನನ್ನ ಮುಂದ ಹಿಡಿದ್ರು:
ಕಪ್ಪೆಚಿಪ್ಪು ಒಂದು, ಬಸವನಹುಳ ಎರಡು,
ಉಳಿದದ್ದೆಲ್ಲ ಕೆಂಪು ಹುಳ,
ದಾರದ ತುಂಡಿನಂಗ ಮಿಸುಕಾಡೋವು.
ಲೆಕ್ಕ ಅಷ್ಟೇ ಅದ. ಮಂದಿ ಬ್ಯಾರೆ.

ಆ ಒಂದು ಕಪ್ಪೆಚಿಪ್ಪು ಹದಿನೇಳು.
ಎತ್ತಿದೆ, ಹಗುರಿತ್ತು.
ಒಳಗ ಮೀನಮರಿ ಒಂದು, ಉಗುರಿನಷ್ಟು,
ಬಾಡಿಗಿ ಕೊಡದ ಮನ್ಯಾಗ ಕುಂತಂಗ.
ಯಾವ ಕಾಲಮ್ಮಿನಾಗ ಬರೀಬೇಕು ಅಂತ
ಸರ್ ಭಾಳ ಹೊತ್ತು ಪೆನ್ನು ಹಿಡಿದು ನಿಂತ್ರು.

ಕೊರೋನಾ ವರ್ಷ ಹೋಗಲಿಲ್ಲ.
ಸೊನ್ನೆ ಬರೀಲೇನ್ರಿ ಅಂತ ಫೋನ್ ಮಾಡಿದ್ದೆ.
'ಬ್ಯಾಡ. ಸೊನ್ನೆ ಅಂದ್ರ ಹೋಗಿ ನೋಡಿ ಬಂದವರ ಮಾತು.
ಖಾಲಿ ಬಿಡು.'
ಅವರ ಜೋಡಿ ಆದ ಕಡೀ ಮಾತು ಅದು.

ಈಗ ಚೌಕಟ್ಟು ನಮ್ಮ ಮನ್ಯಾಗ, ಜಂಗು ಹಿಡದದ.
ಮೊಮ್ಮಗಳು ಶಾಹೀನಾ ಪಡಸಾಲಿ ಫರ್ಸಿಮ್ಯಾಲ ಇಟ್ಟು
ಬಗ್ಗಿ ಬಗ್ಗಿ ನೋಡ್ತಾಳ.
ಕಲ್ಲಿನಾಗ ನೀರಿನ ತೆರಿ ಅದಾವ, ಸಣ್ಣ ಸಣ್ಣವು,
ಯಾವತ್ತೋ ಅಲುಗಾಡಿ ನಿಂತಾವ.
ಒಂದು ಇರುವಿ ತೆರಿ ಏರಿ ಇಳೀಲಾಕತ್ತದ.
'ದಾದಾ, ಇದನ್ನ ಎಣಿಸ್ಬೇಕಾ?'
ಚೌಕಟ್ಟಿನ ಅಂಚಿಗೆ ಬಂದದ, ತಡಿ,
ಒಳಗೋ ಹೊರಗೋ ನೋಡೂಣು.