ಮೂರು ನಿಮಿಷ

ಜೂನಾ ಬಜಾರಿನ ಬುಧವಾರ. ತುಕ್ಕು ಕೀಲಿ, ಒಂಟಿ ಬೂಟು,
ಯಾರದೋ ಮದುವೆಯ ಆಲ್ಬಮ್ಮು. ಅದರ ಕೆಳಗೆ ಸಿಕ್ಕಿತು.
ಹೊದಿಕೆಯಿಲ್ಲ. ನಡುವಿನ ಚೀಟಿ ಗೆದ್ದಲಿಗೆ ಸಂದಿದೆ.
ಬಿಸಿಲಿಗೆ ಓರೆ ಹಿಡಿದೆ: ಗೀರುಗಳ ಅಡಿಯಲ್ಲಿ
ನೇಗಿಲ ಸಾಲು ಇನ್ನೂ ಮಟ್ಟಸ.
"ತವಾ ಹೈ, ಮೌಸಿ," ನಕ್ಕ ಮಾರುವವ,
"ಅರವತ್ತು ಕೊಡಿ, ರೊಟ್ಟಿ ಸುಡಿ."

ಮನೆಯಲ್ಲಿ ಆಗಲೇ ನಾಲ್ಕು ಯಂತ್ರ:
ಕೈಕೀಲಿಯವು ಎರಡು, ಒಂದು ಜರ್ಮನ್ನು,
ವರ್ಷಕ್ಕೊಂದು ಬೆಲ್ಟು ತಿನ್ನುವ ಜಪಾನಿ.
ಮುನ್ನೂರ ಹನ್ನೊಂದು ಎಲ್ಪಿ, ನಿಂತೇ ನಿದ್ದೆ ಮಾಡುತ್ತವೆ,
ಮಲಗಿಸಿದರೆ ಸೊಟ್ಟಗಾಗುತ್ತವೆ.
ಅಕ್ಕಿ ಡಬ್ಬ ಬಾಲ್ಕನಿಗೆ ಹೋಗಿ ಎಷ್ಟೋ ಕಾಲ.

ಇದು ಎಲ್ಪಿಯಲ್ಲ, ಅರಗಿನ ತಟ್ಟೆ.
ಕೈಜಾರಿದರೆ ಬಳೆಯಂತೆ ಚೂರು.
ಆ ಅರಗಿನ ಮನೆಯಿಂದ ತಾಯಿಮಕ್ಕಳು ಸುರಂಗ ಹಿಡಿದು ಪಾರಾದರು;
ಇಲ್ಲೊಬ್ಬಾಕೆ ಒಳಗೇ ಉಳಿದಿದ್ದಾಳೆ.

ತಾಂಬಟ್ ಆಳಿಯ ಪಿಂಪಳೆ ಹೊಸ ಸೂಜಿ ಹಾಕಿಕೊಟ್ಟ.
ತಾಮ್ರ ಬಡಿದೂ ಬಡಿದೂ ಅವನ ಕಿವಿ ಅರ್ಧ ಹೋಗಿದೆ.
ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಅಂದ:
"ಹೆಂಗಸು. ಚಿಕ್ಕವಳು."

ಕನ್ನಡ! ನನ್ನ ಅಜ್ಜಿಯ ಕಡೆಯ ಕನ್ನಡ,
ಹಂಡೆಯೊಳಗೆ ತಲೆಯಿಟ್ಟು ಕೂಗಿದ ಹಾಗೆ.
ಹಾಡು ಮುಗಿದು, ಆ ಕಾಲದ ರಿವಾಜಿನಂತೆ,
"ನನ್ನ ಹೆಸರು—"
ಟಕ್. ಸೂಜಿ ಎಗರಿ ಹಿಂದಿನ ಸಾಲಿಗೆ.
"ನನ್ನ ಹೆಸರು—" ಟಕ್. "ನನ್ನ ಹೆಸರು—"
ತೋಳಿನ ಮೇಲೆ ನಾಲ್ಕಾಣೆ ಇಟ್ಟೆ. ಎಂಟಾಣೆ ಇಟ್ಟೆ.
ಬೆರಳಿಂದ ತಿರುಗಿಸಿದರೆ ಹುಲಿ ಗುರುಗುಟ್ಟಿತು.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಟ್ರಂಕ್ ಕಾಲ್ ಜೋಡಿಸಿದವಳು ನಾನು.
ಹೆಸರು ಹೇಳುವಾಗಲೇ ಲೈನು ಕಡಿದವರು ಎಷ್ಟು ಮಂದಿ.
ಅವರಿಗಾಗಿ ಇಷ್ಟು ಹಟ ಹಿಡಿದಿರಲಿಲ್ಲ.

ಸದಾಶಿವ ಪೇಠೆಯ ಶಿರಗಾವಕರರ ಬಳಿ ಇದರದೇ ಜೋಡಿ.
ಅವರದ್ದಕ್ಕೆ ಅಂಚಿನಲ್ಲಿ ಇಲಿ ಕಚ್ಚಿದಷ್ಟು ಮುಕ್ಕು,
ಹಾಡಿಗೆ ಶುರುವೇ ಇಲ್ಲ.
ನಿಮ್ಮದು ಮಾರಿ, ನಿಮ್ಮದು ಕೊಡಿ, ಹೀಗೇ ಎರಡು ತಿಂಗಳು.
ಕಡೆಗೊಂದು ಭಾನುವಾರ
ಟವಲಿನಲ್ಲಿ ಕೂಸಿನಂತೆ ಸುತ್ತಿ ತಂದರು.

ದಿವಾನದ ಮೇಲೆ ಕೈಕೀಲಿಯವೆರಡೂ ಪಕ್ಕಪಕ್ಕ.
ನನ್ನದು ಹಾಡಿತು. ಪಲ್ಲವಿ ಎರಡನೇ ಸಲ ಬಂದಾಗ ಕೈಸನ್ನೆ ಮಾಡಿದೆ:
ಅವರು ಇಳಿಸಿದರು, ನಾನು ಎತ್ತಿದೆ.
ಆ ಯಂತ್ರದ ಸ್ಪ್ರಿಂಗ್ ತುಸು ಮಂದ.
ಒಂದೇ ಸಾಲಿನೊಳಗೆ ಹದಿನೆಂಟರ ಹುಡುಗಿ
ಮೂವತ್ತು ದಾಟಿದ ಹೆಂಗಸಾದಳು.
ಹಾಡು ಬಿಡಲಿಲ್ಲ.

"ನನ್ನ ಹೆಸರು ಹಾಲವ್ವ, ಗುಳೇದಗುಡ್ಡದಾಕಿ."
ಒಂದು ಉಸಿರು. ಆಮೇಲೆ
ಯಾರ ಕಡೆಗೋ ಮುಖ ತಿರುಗಿಸಿ, ಸಣ್ಣಗೆ:
"ಸಾಕೇನ್ರಿ?"

ಶಿರಗಾವಕರರು ರಿಜಿಸ್ಟರು ಬಿಚ್ಚಿ ತೋರಿಸಿದರು.
ಇಪ್ಪತ್ತೆರಡು ವರ್ಷದ ನೀಲಿ ಶಾಯಿ, ಮುತ್ತಿನಂಥ ಅಕ್ಷರ:
ಗಾಯಿಕಾ, ಹಾಲವ್ವ ಸಾಕೇಂದ್ರೆ.
"ಸಾತಾರೆಯ ಕಡೆ ಆ ಮನೆತನ ಹುಡುಕಿಕೊಂಡು
ಎರಡು ಸಲ ಹೋಗಿಬಂದೆ," ಅಂದರು. "ಯಾರಿಗೂ ಗೊತ್ತಿಲ್ಲ."

ಅದು ಮನೆತನವಲ್ಲ, 'ಪುರೇ ಕಾ' ಅಂತ ಕೇಳಿದ್ದು, ಅಂದೆ.
ಪೆನ್ನು ತೆಗೆದರು. ಕ್ಯಾಪು ಬಿಚ್ಚಿದರು.
ಹೊಡೆದು ಹಾಕಲೂ ಇಲ್ಲ, ಬರೆಯಲೂ ಇಲ್ಲ.
ತಟ್ಟೆ ಖಾಲಿ ಸಾಲಿನಲ್ಲಿ ಸರ್ ಸರ್ ಅನ್ನುತ್ತ
ನಿಧಾನವಾಗಿ ನಿಂತಿತು.

"ಮೂರು ನಿಮಿಷ ಆಯಿತು," ಅಂದೆ, ಹಳೆಯ ಚಾಳಿ,
"ಮುಂದುವರಿಸಬೇಕೆ?"
ಅವರು ಆಗಲೇ ಕೀಲಿ ಕೊಡುತ್ತಿದ್ದರು.